ಉಣ್ಣೆಯ ಕಂಕಣ

ಮದ್ರಾಸು ಸರಕಾರದ ಕಾಲದಲ್ಲಿ ಕಂಪ್ಲಿಯ ನಮ್ಮ ಓಣಿಯಲ್ಲಿ ಉಣ್ಣೆ ನೂಲುವ ಒಬ್ಬ ಮುದುಕಿ ಇದ್ದಳು. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಕುರಿ ಉಣ್ಣೆಯ ಜಿಡ್ಡಿಗೆ ಅವಳ ಹೆಬ್ಬೆರಳು ಸದಾ ಮಿಂಚುತ್ತಿತ್ತು. ಯಾರಾದರೂ ಅವಳ ನೂಲಿಗೆ ಕೊಂಕು ತೆಗೆದರೆ, ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿ, "ಹರೀರಿ ನೋಡೋಣು" ಅನ್ನುತ್ತಿದ್ದಳು.

ನಮ್ಮಲ್ಲಿ ಮದುವೆಗೆ ಕಟ್ಟುವುದು ಉಣ್ಣೆಯ ಕಂಕಣ. ನನ್ನ ಮದುವೆಯ ದಿನ ಅವಳು ತಾನು ನೂತ ಎಳೆಗೆ ಅರಿಶಿನದ ಕೊಂಬು ಕಟ್ಟಿಕೊಂಡು ಬಂದಳು. ಗದ್ದುಗೆಗೆ ಹಾಸಿದ್ದ ಕಂಬಳಿಯ ಮೇಲೆ ಕೂತಿದ್ದ ನಮ್ಮ ದೊಡ್ಡಪ್ಪ ತಡೆದರು.

"ಬ್ಯಾಡವ್ವ. ಗಂಡ ಇಲ್ಲದಾಕಿ ನೂತಿದ್ದು ಕಂಕಣಕ್ಕ ನಡಿಯಂಗಿಲ್ಲ."

"ಹೌದೇನು? ನೀ ಕುಂತ ಕಂಬಳಿ ನೂಲು ಯಾರು ನೂತಿದ್ದಪ್ಪ? ಹೋದ ವರ್ಷ ದೇವರನ್ನ ಕುಂದ್ರಿಸಿದ್ದೂ ಇದರ ಮ್ಯಾಲೇ ಅಲ್ಲೇನು?"

ಅವಳು ಬಗ್ಗಿ ಕಂಬಳಿಯ ತುದಿ ಹಿಡಿದು ಜಗ್ಗಿದಳು.

"ಏಳು. ನನ್ನ ನೂಲು ಬ್ಯಾಡಂದ್ರ ಇದೂ ಬ್ಯಾಡ. ಮಡಚಿಕೊಂಡು ಹೋಗ್ತೀನಿ."

"ಬಿಡವ್ವಾ, ಬೀಳ್ತೀನಿ!"

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಲ್ಲಿಯವರೆಗೆ ತಲೆಯೇ ಎತ್ತದಿದ್ದ ನಾನು ಎದ್ದು ಅವಳ ಮುಂದೆ ಕೈ ಚಾಚಿದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಅವಳು ಕಂಬಳಿ ಬಿಟ್ಟು, ನನ್ನ ಮಣಿಕಟ್ಟಿಗೆ ಕಂಕಣ ಬಿಗಿಯಾಗಿ ಕಟ್ಟಿದಳು.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡಾಗ, ಅದು ಆ ಎಳೆಯದೇ ದೋಷ ಅಂದವರಿದ್ದಾರೆ. ನಾವು ಮೂವತ್ತು ವರ್ಷ ಜೊತೆಗೆ ಬಾಳಿದ್ದು ಯಾವುದರ ಗುಣ ಎಂದು ಅವರು ಹೇಳಲಿಲ್ಲ.

ಈಗ ನಾನೂ ಗಂಡ ಇಲ್ಲದವಳು. ನಿಮ್ಮ ಮದುವೆಯ ಕಂಕಣಗಳಿಗೆ ಎಳೆ ನೂತು ಇಟ್ಟಿದ್ದೇನೆ. ತಡೆಯುವವರು ಬರಲಿ.