ಹನ್ನೊಂದನೆಯ ಗಡಿಕಲ್ಲು

ನನ್ನ ಮಗಳು ಮೇಧಾಳ ಎಡಗಿವಿ ಕೇಳದಂತೆ ಮಾಡಿದವನು ನಾನು. ಆಕೆ ಜಾರಿ ಬೀಳಲಿಲ್ಲ. ಜಾರಿ ಬಿದ್ದಳೆಂದು ಆಸ್ಪತ್ರೆಯಲ್ಲಿ ಹೇಳಿದೆ, ಮನೆಯಲ್ಲಿ ಹೇಳಿದೆ. ಆಮೇಲೆ ಅಚ್ಚಾದ ಪುಸ್ತಕವೊಂದರಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ಬರೆದೆ. ನನಗೀಗ ಎಪ್ಪತ್ತಾರು. ಮೂವತ್ತು ವರ್ಷದ ಹಿಂದಿನ ಮಾತಿದು.

ನಾವಿರುವ ಊರು ಜರ್ಮನಿಯ ಶ್ವೀಬರ್ಡಿಂಗೆನ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಒಂದು ಹಳ್ಳ, ಅದರ ಈಚೆ ಸೇಬಿನ ತೋಟಗಳು, ಆಚೆ ಗೋಧಿಯ ಹೊಲಗಳು, ನಡುವೆ ಚರ್ಚು. ಸುತ್ತ ಹದಿನಾಲ್ಕು ಗಡಿಕಲ್ಲು. ನಾನು ವಿಜಯಪುರದವನು, ಇಲ್ಲಿನ ಕಂಪನಿಯೊಂದರಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುತ್ತಿದ್ದೆ. ಊರಿನ ಇತಿಹಾಸ, ಭೂಗೋಳದ ಪುಸ್ತಕಕ್ಕೆ ಒಂದು ನಕ್ಷೆ ಬೇಕೆಂದು ಸಮಿತಿಯವರು ಕೇಳಿದರು. ನಾನು ನಕ್ಷೆಗೆ ನಿಲ್ಲಲಿಲ್ಲ. ಪ್ರತಿ ಶನಿವಾರ ಒಂಬತ್ತರಿಂದ ಹನ್ನೆರಡರವರೆಗೆ ರಾಟ್‌ಹೌಸ್‌ನಲ್ಲಿ, ಅಂದರೆ ಊರಿನ ಆಡಳಿತ ಕಚೇರಿಯಲ್ಲಿ, ಕೂತು ಊರಿನ ಹಳೆಯ ಕಡತಗಳನ್ನು ಓದಿದೆ.

ಕಡತಗಳ ತುಂಬ ರಕ್ತ. ಬರದ ವರ್ಷವೊಂದರಲ್ಲಿ ನೆರೆಯೂರಿನವರು ಕಲ್ಲು ಸರಿಸಿದರು. ಈ ಊರಿನವರು ಗುದ್ದಲಿಯಿಂದ ಇಬ್ಬರ ತಲೆ ಒಡೆದರು. ಕಲ್ಲು ಸರಿಸಿದವನನ್ನು ಕುತ್ತಿಗೆಯವರೆಗೆ ಹುಗಿದು, ಮೇಲೆ ನೇಗಿಲು ಹಾಯಿಸಬೇಕು ಎಂಬುದು ಅದಕ್ಕೂ ಹಳೆಯ ಕಟ್ಟಳೆ. ಕೆಲವು ವರ್ಷಕ್ಕೊಮ್ಮೆ ಮಕ್ಕಳನ್ನು ಗಡಿ ಸುತ್ತಿಸುತ್ತಿದ್ದರು. ಒಂದೊಂದು ಕಲ್ಲಿನ ಬಳಿಯೂ ಕೆನ್ನೆಗೆ ಬಾರಿಸುತ್ತಿದ್ದರು. ಏಟು ಬಿದ್ದ ಜಾಗ ಸಾಯುವತನಕ ನೆನಪಿರುತ್ತದೆ, ಮುಂದೆ ಸಾಕ್ಷಿ ಹೇಳಲು ಬರುತ್ತದೆ ಎಂದು.

ಊರಹಬ್ಬಕ್ಕಾಗಿ ಆ ಸುತ್ತನ್ನು ಮತ್ತೆ ಶುರು ಮಾಡಿದ್ದರು. ಈಗ ಕೆನ್ನೆ ಮುಟ್ಟಿ ಕೈಗೊಂದು ಬ್ರೆಟ್ಸೆಲ್, ಗಂಟು ಹಾಕಿ ಬೇಯಿಸಿದ ಉಪ್ಪಿನ ಬ್ರೆಡ್ಡು, ಕೊಡುವುದು, ಅಷ್ಟೇ. ಸಮಿತಿಯ ಮುದುಕ ಕಾರ್ಲ್ ನನ್ನ ಬೆನ್ನು ತಟ್ಟಿ, "ನಿಮ್ಮ ಮಗಳೂ ಬರಲಿ. ಏಟು ತಿಂದವರೇ ನಮ್ಮೂರಿನವರು!" ಎಂದು ತನ್ನ ಭಾಷೆಯಲ್ಲಿ ಹೇಳಿ ನಕ್ಕ. ತಮಾಷೆ. ನಾನು ನಗಲಿಲ್ಲ — ಬರೆದುಕೊಂಡೆ.

ಮೇಧಾಗೆ ಆಗ ಒಂಬತ್ತು ವರ್ಷ. ಹದಿನಾಲ್ಕು ಕಲ್ಲು, ಹದಿನಾಲ್ಕು ಹೊಲದ ಹೆಸರು — ಊರಿನ ಮಕ್ಕಳಿಗೂ ಬಾರದ್ದನ್ನು ಬಾಯಿಪಾಠ ಮಾಡಿಸಿದೆ. ಹಬ್ಬದ ಹಿಂದಿನ ಭಾನುವಾರ, ಬೆಳಿಗ್ಗೆ ಏಳಕ್ಕೆ, ತಾಲೀಮಿಗೆಂದು ಅವಳೊಬ್ಬಳನ್ನೇ ಕರೆದುಕೊಂಡು ಹೊರಟೆ. ತಿಂಡಿ ಮನೆಗೆ ವಾಪಸು ಬಂದ ಮೇಲೆ ಎಂದಿದ್ದೆ. ಹೆಸರು ತಪ್ಪಿದಲ್ಲಿ ಒಂದು ಏಟು. ನಾಲ್ಕನೆಯ ಕಲ್ಲಿನಲ್ಲಿ ತಪ್ಪಿದಳು, ಏಳರಲ್ಲಿ, ಒಂಬತ್ತರಲ್ಲಿ. ಒಂದಕ್ಕಿಂತ ಒಂದು ಜೋರಾಗಿತ್ತು. ನಾನು ಹಾಸ್ಟೆಲಿನಲ್ಲಿ ಕಲಿತದ್ದೂ ಹೀಗೆಯೇ — ಬೇಡ. ಹಾಸ್ಟೆಲನ್ನು ಇಲ್ಲಿಗೆ ತರುವುದಿಲ್ಲ.

ಹನ್ನೊಂದನೆಯ ಕಲ್ಲು ಇರುವುದು ಗಾಲ್ಗೆನ್‌ಆಕರ್‌ನಲ್ಲಿ — ಹಿಂದೆ ನೇಣುಗಂಬ ನಿಂತಿದ್ದ ಹೊಲ. ಅವಳು ಕಲ್ಲಿನ ಮುಂದೆ ನಿಂತಳು.

"ಪಪ್ಪಾ, ಹಸಿವ್ಯಾಗೇದ. ಮನೀಗೆ ಹೋಗೂಣು, ಪ್ಲೀಸ್."

"ಹೆಸರು ಹೇಳು, ಆಮ್ಯಾಲ."

"ಗೊತ್ತದ. ಆದ್ರ ಹೇಳಾಂಗಿಲ್ಲ."

ಅಂಗೈ ಅಗಲಿಸಿ ಹೊಡೆದೆ. ಬಿದ್ದಳು. ಎದ್ದಳು, ನನ್ನನ್ನೇ ನೋಡಿದಳು, ಬಾಯಿ ಬಿಡಲಿಲ್ಲ. ಅದೇ ಕಡೆಗೆ ಮತ್ತೊಮ್ಮೆ ಹೊಡೆದೆ. ಈ ಎರಡನೆಯ ಏಟನ್ನು ಇಷ್ಟು ವರ್ಷ ನಾನು ನನ್ನೆದುರಿಗೂ ಒಪ್ಪಿಕೊಂಡಿರಲಿಲ್ಲ. ಮೊದಲನೆಯದನ್ನು ಸಿಟ್ಟು ಎನ್ನಬಹುದಿತ್ತು. ಎರಡನೆಯದಕ್ಕೆ — ನಾನು ಕಾಲು ಊರಿ ನಿಂತು, ಕೈ ಎತ್ತಿ, ಅವಳ ಕಣ್ಣು ನೋಡಿ...

ಕಿವಿಯಿಂದ ಎಳೆಯಾಗಿ ರಕ್ತ ಇಳಿದು ಕಾಲರಿಗೆ ಹತ್ತಿತು. ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಹಾಕಿದ ಕರ್ಚೀಫಿನಿಂದ ಒರೆಸಿದೆ. ಒರೆಸುತ್ತಲೇ ಹೇಳಿದೆ:

"ಜಾರಿ ಕಲ್ಲಿನ ಮ್ಯಾಲ ಬಿದ್ದೆ ಅಂತ ಹೇಳು. ಡಾಕ್ಟರಿಗೂ, ಮಮ್ಮಿಗೂ. ಹೇಳ್ತೀ?"

"ಹೇಳ್ತೀನಿ."

ಆಸ್ಪತ್ರೆಯಲ್ಲಿ ಜರ್ಮನ್‌ನಲ್ಲಿ ಹೇಳಿದಳು. ಒಂದು ಅಕ್ಷರ ತಪ್ಪಲಿಲ್ಲ. ನಾನು ಕಲಿಸಿದ್ದರಲ್ಲಿ ಅವಳು ಪೂರ್ತಿ ಸರಿಯಾಗಿ ಒಪ್ಪಿಸಿದ್ದು ಅದೊಂದೇ.

"ಆ ಬೂಟು ನಾನೇ ಆರಿಸಿದ್ದು ರೀ," ಎಂದು ನನ್ನ ಹೆಂಡತಿ ಸುಶೀಲಾ ಅತ್ತಳು. "ಚಂದ ಅದಾವಂತ ತಂದೆ. ತಳಾ ನುಣ್ಣಗಿತ್ತು, ನೋಡಲೇ ಇಲ್ಲ." ಬೂಟನ್ನು ಕಸಕ್ಕೆ ಎಸೆದಳು. ಆಮೇಲೆ ಮಗಳಿಗೆ ಚಪ್ಪಲಿ ಕೊಳ್ಳುವಾಗಲೆಲ್ಲ ತಳವನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದೆ. ಸಾಯುವವರೆಗೂ ತಪ್ಪು ತನ್ನದೇ ಎಂದುಕೊಂಡಿದ್ದಳು. ಅವಳಿಗೆ ಹೇಳಲು ಈಗ ದಾರಿಯಿಲ್ಲ.

ಹಬ್ಬದ ದಿನ ಮೇಧಾ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಎಲ್ಲರ ಜೊತೆ ನಡೆದಳು. ಕಾರ್ಲ್ ಅವಳ ಬಲಗೆನ್ನೆ ಮುಟ್ಟಿ ಬ್ರೆಟ್ಸೆಲ್ ಕೊಟ್ಟ. ಅವಳು ತಿನ್ನಲಿಲ್ಲ. ಆ ವರ್ಷದ ಪುಸ್ತಕದಲ್ಲಿ ಗಡಿಯ ಅಧ್ಯಾಯ ನನ್ನದು. ಅದರ ಕೊನೆಯ ವಾಕ್ಯ: "ಈ ಏಟಿನ ಪದ್ಧತಿ ಅಜ್ಜಂದಿರ ಕಾಲಕ್ಕೇ ನಿಂತಿತು, ಆಮೇಲೆ ಯಾವ ಮಗುವಿಗೂ ನೋವಾಗಿಲ್ಲ."

ಈಗ ಆ ಪುಸ್ತಕ ಮತ್ತೆ ಅಚ್ಚಾಗುತ್ತಿದೆ, ಗಡಿಯ ಸುತ್ತೂ ಮತ್ತೆ ಬಂದಿದೆ. ಮೇಧಾ ಬಾನ್ ನಗರದಲ್ಲಿದ್ದಾಳೆ, ಅವಳ ಮಗಳು ತಾರಾಗೆ ಒಂಬತ್ತು. ಹೋದ ವಾರ ಫೋನ್ ಮಾಡಿದಳು.

"ಪಪ್ಪಾ, ತಾರಾ ನಿಮ್ಮ ಜೋಡಿ ಗಡಿ ಸುತ್ತಬೇಕಂತಾಳ. ನಾನೂ ಬರ್ತೀನಿ."

"ಬರ್ರಿ. ಏಳಕ್ಕೆ ಹೊರಡೂದು."

"ತಿಂಡಿ ತಿಂದು ಹೊರಡೂದು," ಎಂದಳು. ದನಿ ಏರಿಸದೆ, "ಮತ್ತ ನೀವು ಕೈ ಹಿಂದ ಕಟ್ಕೊಂಡು ನಡೀಬೇಕು. ಹದಿನಾಲ್ಕೂ ಕಲ್ಲು."

"ಹೂಂ" ಎಂದೆ. ಮೂವತ್ತು ವರ್ಷದಲ್ಲಿ ನಮ್ಮಿಬ್ಬರ ನಡುವೆ ಅದರ ಬಗ್ಗೆ ಬಂದ ಮಾತು ಅಷ್ಟೇ.

ಮರುದಿನ ಅಚ್ಚಿನ ಕರಡಿನಲ್ಲಿ ನನ್ನ ಆ ವಾಕ್ಯ ಹೊಡೆದುಹಾಕಿದೆ. ಅಲ್ಲಿ ಜರ್ಮನ್‌ನಲ್ಲಿ ಬರೆದೆ: ಹನ್ನೊಂದನೆಯ ಕಲ್ಲಿನ ಬಳಿ ಕೊನೆಯ ಏಟು ಕೊಟ್ಟವನು ಈ ಅಧ್ಯಾಯ ಬರೆದವನು, ತಿಂದವಳು ಅವನ ಒಂಬತ್ತು ವರ್ಷದ ಮಗಳು, ಎರಡು ಏಟು, ಅವಳ ಎಡಗಿವಿ ಹೋಯಿತು, ಅವಳು ಜಾರಲಿಲ್ಲ. ಕಿವಿ ಅವಳದು. ಅದಕ್ಕೇ ಮೊದಲು ಅವಳಿಗೆ ಕಳಿಸಿ, ಅಚ್ಚಿಗೆ ಕೊಡಲೇ ಎಂದು ಕೇಳಿದೆ. ಮೇಧಾ ಕನ್ನಡ ಓದಲಾರಳು. ಇದನ್ನು ಕನ್ನಡದಲ್ಲಷ್ಟೇ ಬರೆದಿದ್ದರೆ ಅದೂ ಒಂದು ಬಚ್ಚಿಡುವಿಕೆಯೇ ಆಗುತ್ತಿತ್ತು.

ಮೂರನೆಯ ದಿನ ಜರ್ಮನ್‌ನಲ್ಲಿ ಒಂದು ಸಾಲು ಬಂತು: "ಕೊಡಿ. 'ಅವಳಿಗೆ ಹೆಸರು ಗೊತ್ತಿತ್ತು' ಅನ್ನುವುದನ್ನೂ ಸೇರಿಸಿ."

ಸೇರಿಸಿದೆ. ಶನಿವಾರ ಒಂಬತ್ತಕ್ಕೆ ಕರಡನ್ನು ಸಮಿತಿಗೆ ಒಪ್ಪಿಸುತ್ತೇನೆ. ಭಾನುವಾರ, ತಿಂಡಿ ಆದ ಮೇಲೆ, ಕೈ ಹಿಂದೆ ಕಟ್ಟಿಕೊಂಡು ಅವರಿಬ್ಬರ ಹಿಂದೆ ನಡೆಯುತ್ತೇನೆ.