ಗೋಪಿನಾಥರ ‘ನೋಡೋಣ’

ಕನ್ನಡದಲ್ಲಿ ನನಗೆ ಮೈಯುರಿಸುವ ಮಾತು ಒಂದಿದ್ದರೆ ಅದು ‘ನೋಡೋಣ’. ಬೈಗುಳವಾದರೂ ವಾಸಿ, ಬೈದವರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುತ್ತದೆ.

ಕಡಲಾಚೆಯ ಈ ಪೆಟಾಲಿಂಗ್ ಜಯಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ರತ್ನ ಈ ಮಾತನ್ನೇ ನಂಬಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಮೈಸೂರಿನ ಹುಡುಗಿ. ಶಾಲೆಯಿಂದ ಆಗ್ರಾ ಪ್ರವಾಸ ಹೊರಟಾಗ ಅವಳಪ್ಪ ಕಳಿಸಲಿಲ್ಲ. “ಮದುವೆಯಾದ ಮೇಲೆ ಗಂಡನ ಜೊತೆ ನೋಡುವೆಯಂತೆ” ಎಂದರಂತೆ. ಈ ಹುಚ್ಚಿ ಅದನ್ನೇ ಮನಸ್ಸಿಗೆ ಹಚ್ಚಿಕೊಂಡಳು. ತಾಜ್ ಮಹಲ್ ನೋಡುವುದಾದರೆ ಗಂಡನ ಜೊತೆಯೇ.

ಗಂಡ ಗೋಪಿನಾಥರಿಗೆ ಕ್ಲಾಂಗ್ ಬಂದರಿನಲ್ಲಿ ಸರಕು ಸಾಗಿಸುವ ಕಂಪನಿಯಲ್ಲಿ ಕೆಲಸ. ಪ್ರತಿ ರಜೆಗೂ ರತ್ನ, “ರೀ, ಈ ಸಲ ಊರಿಗೆ ಹೋದಾಗ ತಾಜ್ ಮಹಲ್ ನೋಡೋಣ್ವಾ?” ಅನ್ನುವಳು. ಟಿವಿಯಿಂದ ಕಣ್ಣು ಕೀಳದೆ ಅವರು, “ನೋಡೋಣ” ಅನ್ನುವರು. ಅವಳು ಕೇಳಿದ್ದು ಕಣ್ಣಾರೆ ನೋಡುವ ನೋಡೋಣ. ಅವರು ಹೇಳಿದ್ದು ಸಾಗಹಾಕುವ ನೋಡೋಣ. ಒಮ್ಮೆ ಇಲ್ಲಿನ ಮರ್ಡೇಕಾ ಚೌಕದ ಹಳೇ ಕಟ್ಟಡದ ಗುಮ್ಮಟ ತೋರಿಸಿ, “ಇದೂ ಮೊಗಲರ ಸ್ಟೈಲೇ ಅಲ್ವಾ, ನೋಡ್ಕೋ” ಅಂದರು. ಎಂಥ ಮನುಷ್ಯ!

ಆಮೇಲೆ ಆಫೀಸಿನ ಮೀಟಿಂಗಿಗೆಂದು ದೆಹಲಿಗೆ ಹೋದವರು ಜೊತೆಯವರೊಡನೆ ಆಗ್ರಾ ಸುತ್ತಿ ಬಂದರು. ಅಂಗೈಯಗಲದ ಬಿಳಿ ತಾಜ್ ಮಹಲೊಂದನ್ನು ಇವಳ ಕೈಗಿಟ್ಟು, “ಬಿಸಿಲಪ್ಪಾ ಬಿಸಿಲು! ನೀನು ಬರದೇ ಇದ್ದಿದ್ದೇ ಒಳ್ಳೇದಾಯ್ತು” ಅಂದರು. ನಾನಾಗಿದ್ದರೆ ಅದನ್ನು ಅವರ ತಲೆಗೇ ಎಸೆಯುತ್ತಿದ್ದೆ. ರತ್ನ ಅದನ್ನು ಟಿವಿ ಪಕ್ಕ ಇಟ್ಟು ದಿನಾ ಧೂಳು ಒರೆಸಿದಳು.

ಕಳೆದ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನನ್ನ ಅಣ್ಣನ ಮಗಳ ಮದುವೆ. ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಟೀ ಕುಡಿಯುತ್ತ, “ಅವರು ಬರಲ್ಲ ಕಣೇ. ನಡಿ, ನಾನು ಕರ್ಕೊಂಡು ಹೋಗ್ತೀನಿ” ಎಂದು ರತ್ನಳನ್ನು ಗದರಿದೆ. ಬಹಳ ಹೊತ್ತು ಲೋಟ ತಿರುಗಿಸುತ್ತ ಕೂತಿದ್ದು, “ಆಯ್ತು ಚಂಪಾ” ಅಂದಳು.

ನಾವು ಹೋದ ಬೆಳಿಗ್ಗೆ ಆಗ್ರಾ ಮಂಜಿನಲ್ಲಿ ಮುಳುಗಿತ್ತು. ದೊಡ್ಡ ಬಾಗಿಲು ದಾಟಿ ಒಳಗೆ ನಿಂತರೂ ತಾಜ್ ಮಹಲ್ ಇಲ್ಲ! ಎದುರಿಗೆ ಬರೀ ಬಿಳುಪು. ರತ್ನ ಕಲ್ಲುಬೆಂಚಿನ ಮೇಲೆ ಕುಸಿದಳು. “ಹತ್ತಿರ ಹೋಗೋಣ ಬಾರೇ, ಗೋಡೆಯಾದರೂ ಕಂಡೀತು” ಎಂದು ಕೈ ಎಳೆದೆ. ಅಷ್ಟರಲ್ಲಿ ಗೋಪಿನಾಥರ ವಿಡಿಯೋ ಕಾಲ್ ಬಂತು.

“ಹೆಂಗಿದೆ ರತ್ನಾ? ತೋರ್ಸು.”

ಅವಳು ಫೋನು ತಿರುಗಿಸಿದಳು.

“ಏನೇ ಇದು, ಬರೀ ಬಿಳಿ ಕಾಣ್ತಿದೆ?”

“ಅಮೃತಶಿಲೆ ಕಣ್ರೀ. ಬಿಳೀನೇ ಇರುತ್ತೆ.”

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಆಮೇಲೆ ಗೋಪಿನಾಥರು, “ನೀನಿಲ್ದೆ ಮನೆ ಬಿಕೋ ಅಂತಿದೆ. ಮುಂದಿನ ವರ್ಷ ಇಬ್ರೂ ಹೋಗಿ ನೋಡೋಣ. ಟಿಕೆಟ್ ನಾನೇ ಮಾಡಿಸ್ತೀನಿ” ಅಂದರು.

ಆ ಮನುಷ್ಯನ ‘ನೋಡೋಣ’ದ ಹಿಂದೆ ‘ಹೋಗಿ’ ಸೇರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೂಂ ಅನ್ನೇ, ನಿಜ ಹೇಳಿಬಿಡೇ ಎಂದು ರತ್ನಳಿಗೆ ಸನ್ನೆ ಮಾಡಿದೆ.

“ನಂದು ನೋಡಿ ಆಯ್ತು ರೀ” ಎಂದು ಅವಳು ಫೋನಿಟ್ಟಳು.

ಎಷ್ಟು ಕರೆದರೂ ಹತ್ತಿರಕ್ಕೆ ಬರಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡು, ರೈಲಿಗೆ ಹೊತ್ತಾಗುವ ತನಕ ಆ ಮಂಜನ್ನೇ ನೋಡುತ್ತ ಕೂತಳು.