ಸುಳ್ಳು ಕಂತಿನ ಗುರುಸಿದ್ದವ್ವ

ಇಳಕಲ್ಲಿನ ಒಂದು ಸಣ್ಣ ಪತ್ತಿನ ಸಂಘದಲ್ಲಿ ಮನೆ ಸಾಲದ ಅರ್ಜಿ ನೋಡುವುದು ನನ್ನ ಕೆಲಸ. ಹದಿನಾಲ್ಕು ವರ್ಷವಾಯಿತು. ಪಗಾರದ ಚೀಟಿ, ಮನೆಯ ಹಕ್ಕಿನ ಉತಾರ, ಜಾಮೀನುದಾರರ ಸಹಿ ಎಲ್ಲ ನೋಡಿ, ಇವರಿಗೆ ಈ ಮನೆ ದಕ್ಕುತ್ತದೋ ಇಲ್ಲವೋ ಅಂತ ಬರೆದು ಕೊಡುತ್ತೇನೆ. ಆದರೆ ನಮ್ಮ ಓಣಿಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ಎಲ್ಲರೂ ಮೊದಲು ಗುರುಸಿದ್ದವ್ವನ ಕಟ್ಟೆಗೆ ಹೋಗುತ್ತಾರೆ. ಆಕೆ ಹೂಂ ಅಂದರೆ ಅರ್ಜಿ ನನ್ನ ಮೇಜಿಗೆ ಬರುತ್ತದೆ, ಊಹೂಂ ಅಂದರೆ ಇಲ್ಲ. ಮೊದಮೊದಲು ನನಗೆ ಇದರಿಂದ ಭಾರಿ ಸಿಟ್ಟು ಬರುತ್ತಿತ್ತು. ಈಗಲೂ ಒಮ್ಮೊಮ್ಮೆ ಬರುತ್ತದೆ.

ಗುರುಸಿದ್ದವ್ವನಿಗೆ ಅರವತ್ತೈದರ ಮೇಲೆ ವಯಸ್ಸು. ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವಳು. ಮೊಣಕಾಲು ಮುನಿಸಿಕೊಂಡ ಮೇಲೆ ಮಗ್ಗ ಬಿಟ್ಟಳು, ಊರಿನವರಿಗೆ ಮನೆ ನೋಡಿಕೊಡುವ ಉಸಾಬರಿ ಹಿಡಿದಳು. ದಲ್ಲಾಳಿ ಅಂದರೆ ಜಗಳಕ್ಕೇ ಬರುತ್ತಾಳೆ, ಯಾಕಂದರೆ ಯಾರಿಂದಲೂ ಒಂದು ರೂಪಾಯಿ ಮುಟ್ಟುವುದಿಲ್ಲ. ಹಾಲು ಉಕ್ಕಿಸುವ ದಿನ ಹೊಟ್ಟೆ ತುಂಬ ಊಟ ಹಾಕಿದರೆ ಸಾಕು. ಸ್ವತಃ ಇರುವುದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ. ಎರಡು ಓಣಿ ಆಚೆಗಿರುವ ಮಗಳು ಬಾ ಅಂತ ಕರೆದರೂ ಹೋಗುವುದಿಲ್ಲ.

ಬಾಡಿಗೆಗೆ ಬರುವವರನ್ನು ಆಕೆ ಮನೆಯ ಒಳಗೆ ಮೊದಲು ಬಿಡುವುದೇ ಇಲ್ಲ, ಅಲ್ಲಿಗೆ ಹೋಗುವ ದಾರಿ ನಡೆಸಿ ನೋಡುತ್ತಾಳೆ. ಒಮ್ಮೆ ದವಾಖಾನೆಯ ನರ್ಸ್ ಪ್ರಿಯದರ್ಶಿನಿ ಊರ ಹೊರಗೆ ಬಾಡಿಗೆ ಕಡಿಮೆ ಅಂತ ಒಂದು ಮನೆ ಮೆಚ್ಚಿಕೊಂಡು ಬಂದಿದ್ದಳು. ಗುರುಸಿದ್ದವ್ವ ಆಕೆಯ ಕೈಗೆ ಸಂತೆಯ ಚೀಲ ಕೊಟ್ಟು, ನಡು ಮಧ್ಯಾಹ್ನ ದವಾಖಾನೆಯಿಂದ ಆ ಮನೆಗೆ ನಡೆಸಿದಳು. ಅರ್ಧ ದಾರಿಗೆ ಪ್ರಿಯದರ್ಶಿನಿ ಆಟೋಕ್ಕೆ ಕೈ ಮಾಡಿದಳು. "ಆ ಆಟೋದ ರೊಕ್ಕಾನೂ ಬಾಡಿಗಿನ ಐತಿ ನೋಡವಾ" ಅಂದಳು ಗುರುಸಿದ್ದವ್ವ. ನರ್ಸಮ್ಮ ಈಗ ದವಾಖಾನೆಯ ಹಿಂದೆಯೇ ಹೆಚ್ಚಿನ ಬಾಡಿಗೆ ಕೊಟ್ಟು ಸುಖವಾಗಿದ್ದಾಳೆ.

ಮನೆ ಕೊಳ್ಳುವವರಿಗೆ ಬೇರೆಯೇ ಪರೀಕ್ಷೆ. ಅದಕ್ಕೆ ಓಣಿಯವರು ಸುಳ್ಳು ಕಂತು ಅನ್ನುತ್ತಾರೆ. ಮನೆ ಕೊಂಡರೆ ತಿಂಗಳಿಗೆ ಎಷ್ಟು ಕಂತು ಕಟ್ಟಬೇಕೋ, ಅದರಲ್ಲಿ ಈಗಿನ ಬಾಡಿಗೆ ಕಳೆದು ಉಳಿದ ರೊಕ್ಕವನ್ನು ತಿಂಗಳು ತಿಂಗಳು ತಂದು ಗುರುಸಿದ್ದವ್ವನ ಡಬ್ಬಿಯಲ್ಲಿ ಹಾಕಬೇಕು. ಆಕೆ ಸಾಕು ಅನ್ನುವವರೆಗೆ ಮುಟ್ಟದೆ ನಡೆದರೆ ಮನೆ ನಿಮ್ಮದು, ಡಬ್ಬಿಯ ರೊಕ್ಕವೂ ನಿಮ್ಮದು. ನಡುವೆ ವಾಪಸು ಕೇಳಲು ಬಂದರೆ ಆ ಮನೆಯ ಆಸೆ ಬಿಡಬೇಕು. ನಮ್ಮ ಸಂಘದ ಅಧ್ಯಕ್ಷರು ಇದನ್ನು ಕೇಳಿ ನಕ್ಕಿದ್ದರು. ಆಕೆ ಹೂಂ ಅಂದವರಲ್ಲಿ ಒಬ್ಬರೂ ಕಂತು ತಪ್ಪಿಸಿಲ್ಲ ಅಂತ ನಾನು ತೋರಿಸಿದ ಮೇಲೆ ನಗು ನಿಲ್ಲಿಸಿದರು.

ಹೋದ ವರ್ಷ ಯುಗಾದಿಯ ಹೊತ್ತಿಗೆ ಶ್ರೀಶೈಲ ಮತ್ತು ಅವನ ಹೆಂಡತಿ ದಾನೇಶ್ವರಿ ಬಂದರು. ಅವನದು ಹುನಗುಂದದಲ್ಲಿ ಪಂಪ್‌ಸೆಟ್ ರಿಪೇರಿ, ಅವಳದು ಬೇರೆಯವರ ಮಗ್ಗದಲ್ಲಿ ಕೂಲಿ ನೇಯ್ಗೆ. ಮಲೀಕಸಾಬರ ಎರಡು ಕೋಣೆಯ ಮನೆಯಲ್ಲಿ ಮೂರು ಸಾವಿರ ಬಾಡಿಗೆಗೆ ಇದ್ದರು. ಹುನಗುಂದ ರಸ್ತೆಯ ಕಡೆ ದುಂಡೇಶ ಎಂಬುವವರು ಮಾರಲು ಇಟ್ಟಿದ್ದ ನಾಲ್ಕು ಕೋಣೆಯ ಹೊಸ ಮನೆಯ ಮೇಲೆ ಶ್ರೀಶೈಲನ ಕಣ್ಣು. ಕಂತು ಒಂಬತ್ತು ಸಾವಿರ.

"ಮಲೀಕಸಾಬರು ಈಗಿನ ಮನೀನ ತಗೋ ಅಂತಾರಲ್ಲೋ, ಅದರ ಕಂತು ಐದು ಸಾವಿರ ದಾಟೂದಿಲ್ಲ" ಅಂದಳು ಗುರುಸಿದ್ದವ್ವ.

"ಮೂರು ಮಂದಿ ಅಕ್ಕಗೋಳು ಪಂಚಮಿಗೆ ಬರ್ತಾರ್ರಿ. ಎಲ್ಲಿ ಮಲಗಬೇಕು ಅವರು?" ಅಂದ ಶ್ರೀಶೈಲ. "ಅಪ್ಪ ಅವ್ವ ಹ್ವಾದ ಮ್ಯಾಲ ಅವರಿಗೆ ತವರಮನಿ ಅಂದ್ರ ನಾನ. ಒಬ್ಬೊಬ್ಬರಿಗೆ ಒಂದೊಂದು ಖೋಲಿ ಕೊಡಬೇಕಂತ ನನ್ನ ಮನಸಿನ್ಯಾಗ ಐತಿ."

ಗುರುಸಿದ್ದವ್ವ ಕೈ ಚಾಚಿದಳು. ಆರು ಸಾವಿರ ಎಣಿಸಿ ಡಬ್ಬಿಗೆ ಹಾಕಿಕೊಂಡಳು.

ಮೂರು ತಿಂಗಳು ತಪ್ಪಲಿಲ್ಲ. ಶ್ರೀಶೈಲ ಚಹಾ ಬಿಟ್ಟ, ದಾನೇಶ್ವರಿ ರವಿವಾರವೂ ಮಗ್ಗಕ್ಕೆ ಕೂತಳು. ನಮ್ಮ ಸಂಘದ ಲೆಕ್ಕದಲ್ಲೂ ಪಾಸಾಗಿದ್ದರು. ದುಂಡೇಶರು, ಪಂಚಮಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಗಿರಾಕಿಗೆ ಕೊಡುತ್ತೇನೆ ಅಂದರು. ನಾನು ಕಾಗದ ತಯಾರು ಮಾಡಿಕೊಂಡು ಕಟ್ಟೆಗೆ ಹೋದೆ.

"ಶ್ರಾವಣ ದಾಟ್ಲಿ" ಅಂದಳು ಗುರುಸಿದ್ದವ್ವ.

ನನ್ನ ತಾಳ್ಮೆ ಕೆಟ್ಟಿತು. "ಮನಿ ಕೈ ಬಿಟ್ಟ್ ಹೋಗ್ತೈತ್ರಿ. ಅಷ್ಟ್ಯಾಕ ಹಟ ಮಾಡ್ತೀರಿ?"

"ಸಾಲದ ಸಾಹೇಬ್ರ, ನಿಮ್ಮ ಕಾಗದದಾಗ ಎಲ್ಲಾ ತಿಂಗಳೂ ಒಂದ ಥರ ಇರ್ತಾವ. ನಮ್ಮ ಕಡೆ ಹಂಗ ಇರೂದಿಲ್ಲ."

ಶ್ರಾವಣ ಬಂತು. ನಮ್ಮ ಕಡೆ ನಾಗಪಂಚಮಿ ಅಂದರೆ ಕೊಟ್ಟ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು, ಕಳಿಸುವಾಗ ಸೀರೆ ಉಡಿಸಬೇಕು. ಶ್ರೀಶೈಲ ಮರೋಳ, ಕೂಡಲಸಂಗಮ, ಚೊಳಚಗುಡ್ಡ ಮೂರೂ ಊರಿಗೆ ಹೋಗಿ ಅಕ್ಕಂದಿರನ್ನೂ ಅವರ ಏಳು ಮಕ್ಕಳನ್ನೂ ಕರೆತಂದ. ಮನೆ ಗಿಜಿಗುಡತೊಡಗಿತು.

ಹಬ್ಬಕ್ಕೆ ಎರಡು ದಿನ ಇರುವಾಗ ದಾನೇಶ್ವರಿ ಒಬ್ಬಳೇ ಕಟ್ಟೆಗೆ ಬಂದಳು. ನಾನು ಅಲ್ಲೇ ಇದ್ದೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ಆಯಿ, ಡಬ್ಬಿ ಕೊಡ್ರಿ. ಸೀರಿ ತರಬೇಕು. ಮುಂದಿನ ತಿಂಗಳು ಹೊಳ್ಳಿ ತುಂಬ್ತೇನಿ, ಅವರಿಗೆ ಹೇಳಬ್ಯಾಡ್ರಿ" ಅಂದಳು. ಗುರುಸಿದ್ದವ್ವ ಎದ್ದು ಹೋಗಿ ಡಬ್ಬಿ ತಂದುಕೊಟ್ಟಳು. ಬೈಯಲಿಲ್ಲ. ಆ ಹುಡುಗಿ ಆ ರೊಕ್ಕಕ್ಕಾಗಿ ಎಷ್ಟು ರವಿವಾರ ದುಡಿದಿದ್ದಳು ಅಂತ ನನಗೆ ಗೊತ್ತಿತ್ತು.

ಪಂಚಮಿಯ ದಿನ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಅಕ್ಕಂದಿರು ಹೊಸ ಇಳಕಲ್ ಸೀರೆ ಉಟ್ಟು ಓಡಾಡುತ್ತಿದ್ದರು. ಕಡುಬಿನ ಮೇಲೆ ತುಪ್ಪ ಬಿದ್ದ ಕೂಡಲೇ ಶ್ರೀಶೈಲನ ಎದೆ ಉಬ್ಬಿತು. "ಮುಂದಿನ ಪಂಚಮಿಗೆ ನೋಡ್ರೆವಾ, ನಿಮಗ ಒಬ್ಬೊಬ್ಬರಿಗೆ ಒಂದೊಂದು ಖೋಲಿ. ನಾಳೆನ ದುಂಡೇಶ ಅವರಿಗೆ ಮುಂಗಡ ಸಂಚಗಾರದ ರೊಕ್ಕ ಕೊಡಾಂವದೇನಿ" ಅಂದ.

ಬಡಿಸುತ್ತಿದ್ದ ದಾನೇಶ್ವರಿ ಪಾತ್ರೆ ಕೆಳಗಿಟ್ಟಳು. "ಡಬ್ಬಿ ಖಾಲಿ ಆಗೇತ್ರಿ" ಅಂದಳು. "ಅಕ್ಕಾರು ಉಟ್ಟ ಸೀರಿ ಅದರಾಗಿನ್ವ."

ಶ್ರೀಶೈಲ ತುತ್ತು ಕೈಯಲ್ಲೇ ಹಿಡಿದು ಕೂತ. ಅವನ ಮುಖ ನೋಡಲು ಆಗಲಿಲ್ಲ ನನಗೆ. ನಾಚಿಕೆ, ಸಿಟ್ಟು, ದುಃಖ ಮೂರೂ ಒಟ್ಟಿಗೆ ಇದ್ದವು.

ಮರೋಳದ ಹಿರಿಯಕ್ಕ ಶಿವಲಿಂಗವ್ವ ಮೊದಲು ಬಾಯಿ ಬಿಟ್ಟಳು. "ಸೀರಿ ಹೊಳ್ಳಿ ಕೊಡಾಕಿ ಅಲ್ಲ ನಾ. ತವರಮನಿ ಸೀರಿ ಇದು. ಆದ್ರ ತಮ್ಮಾ, ನಿನಗ ಬ್ಯಾರೆ ಖೋಲಿ ಯಾರು ಕೇಳಿದ್ರಪಾ? ಮರೋಳದಾಗ ವರ್ಷಾನಗಟ್ಲೆ ಬ್ಯಾರೆ ಖೋಲಿಯಾಗ ಮಲಗ್ತೇನಿ. ನಾ ಇಲ್ಲಿ ಬರೂದ ನನ್ನ ತಂಗಿಗೋಳ ಬಾಜೂಕ ಮಲಗಾಕ."

"ಮತ್ತ ನಿನ್ನ ಗೊರಕಿ?" ಅಂದಳು ಚೊಳಚಗುಡ್ಡದವಳು.

"ಗೊರಕಿ ಕೇಳಾಕ ಬರ್ತೀ ನೀ, ಗೊತ್ತೈತಿ ತಗೋ."

ಮಕ್ಕಳು ನಕ್ಕವು, ಆಮೇಲೆ ಎಲ್ಲರೂ. ಶ್ರೀಶೈಲ ಮಾತ್ರ ಕಣ್ಣೊರೆಸಿಕೊಂಡು ಆ ತುತ್ತು ನುಂಗಿದ. ಯಾರೂ ಕೇಳದ ಎರಡು ಕೋಣೆಗೆ ಅವನು ಇಪ್ಪತ್ತು ವರ್ಷ ಕಂತು ಕಟ್ಟಲು ಹೊರಟಿದ್ದ. ಸಂಘದ ಯಾವ ಅರ್ಜಿಯಲ್ಲೂ ಅದನ್ನು ಕೇಳುವ ಸಾಲು ಇಲ್ಲ.

ಊಟವಾಗಿ ವಾಪಸು ಬರುವಾಗ ಗುರುಸಿದ್ದವ್ವನ ನಡಿಗೆ ನಿಧಾನವಾಗಿತ್ತು. ನಾನು ಕೇಳದೆಯೇ ಹೇಳಿದಳು. ಆಕೆಯೂ ಗಂಡನೂ ಇಪ್ಪತ್ತೈದು ವರ್ಷದ ಹಿಂದೆ ಒಂದು ಮನೆ ಕೊಂಡಿದ್ದರಂತೆ. ಯುಗಾದಿಯಲ್ಲಿ ಮಾಡಿದ ಲೆಕ್ಕ ಶ್ರಾವಣಕ್ಕೆ ಮುರಿದುಬಿತ್ತು. ಬಾದಾಮಿಯಲ್ಲಿದ್ದ ಗಂಡನ ತಂಗಿ ಶಾರವ್ವನಿಗೆ, ಈ ವರ್ಷ ಪಂಚಮಿಗೆ ಬರಬೇಡ ಅಂತ ಈಕೆಯೇ ಹೇಳಿ ಕಳಿಸಿದ್ದಳು. ಶಾರವ್ವ ಆ ವರ್ಷವೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

"ಮನಿ ಎರಡ ವರ್ಷಕ್ಕ ಹೋತ್ರಿ. ಅದರ ಹಳಹಳಿ ನನಗಿಲ್ಲ. ಆಕಿ ಬರಲಿಲ್ಲಲ್ಲ, ಅದು ಇನ್ನೂ ಚುಚ್ಚತೈತಿ. ನಾನೂ ಅವತ್ತ, ಬಂದ್ರ ಏನ್ ಕೊಡ್ಲಿ ಅಂತಷ್ಟ ವಿಚಾರ ಮಾಡಿದೆ. ಆಕಿಗೆ ಏನ್ ಬೇಕಂತ ಕೇಳಲಿಲ್ಲ."

ನಾನೂ ನಡಿಗೆ ನಿಧಾನ ಮಾಡಿ ಜೊತೆಗೆ ನಡೆದೆ. ಆಕೆಯ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಹೊತ್ತಿಗೆ ಇಳಿದಿತ್ತು.

ದುಂಡೇಶರ ಮನೆ ಬೇರೆಯವರ ಪಾಲಾಯಿತು. ಶ್ರೀಶೈಲ ಒಂದು ವಾರ ಸಪ್ಪಗಿದ್ದು, ಮಲೀಕಸಾಬರ ಹತ್ತಿರ ಮಾತಾಡಿದ. ಅವರು ಒಂದು ವರ್ಷ ಕಾಯಲು ಒಪ್ಪಿದರು. ಈ ಸಲ ತಿಂಗಳಿಗೆ ಎರಡೇ ಸಾವಿರ. ದೀಪಾವಳಿ ಬಂತು, ಯುಗಾದಿ ಬಂತು, ಶ್ರೀಶೈಲ ಚಹಾ ಕುಡಿಯತೊಡಗಿದ, ದಾನೇಶ್ವರಿಗೆ ರವಿವಾರ ರಜೆ ಸಿಕ್ಕಿತು. ಈ ವರ್ಷದ ಪಂಚಮಿಯೂ ಮುಗಿದ ಮೇಲೆ ಗುರುಸಿದ್ದವ್ವ ಹೂಂ ಅಂದಳು. ಖರೀದಿಯಾಯಿತು. ಹಾಲು ಉಕ್ಕಿಸಿದ ದಿನ ಆಕೆ ಮೂರು ಹೋಳಿಗೆ ಹೊಡೆದದ್ದನ್ನು ನಾನೇ ಕಂಡೆ.

ಅದಕ್ಕಿಂತ ಮೊದಲಿನ ಒಂದು ಮಾತು ಉಳಿದಿದೆ. ಈ ಪಂಚಮಿಗೆ ನಾಲ್ಕು ದಿನ ಇರುವಾಗ ಗುರುಸಿದ್ದವ್ವ ಬೆಳಗಿನ ಬಸ್ಸಿಗೆ ಬಾದಾಮಿಗೆ ಹೋಗಿದ್ದಳು. ಕರೆಯಲು ಅಣ್ಣ ಹೋಗಬೇಕು, ಶಾರವ್ವನ ಅಣ್ಣ, ಅಂದರೆ ಈಕೆಯ ಗಂಡ, ತೀರಿಕೊಂಡಿದ್ದಾನೆ, ಹಾಗಾಗಿ ಈಕೆಯೇ ಹೋದಳು. ಶಾರವ್ವ ಬಂದಳು. ಬಂದವಳು ಆ ಒಂದೇ ಕೋಣೆಯಲ್ಲಿ ಮೂರು ದಿನ ಎಡೆಬಿಡದೆ ಬೈದಳಂತೆ. ನಾಲ್ಕನೆಯ ದಿನ ನಾನು ಸಂಘಕ್ಕೆ ಹೋಗುವಾಗ ನೋಡಿದರೆ, ಕಟ್ಟೆಯ ಮೇಲೆ ಶಾರವ್ವ ಗುರುಸಿದ್ದವ್ವನ ತಲೆ ಬಾಚುತ್ತ ಕೂತಿದ್ದಳು.

"ಊರಿಗೆ ಯಾವಾಗ್ರಿ?" ಅಂತ ಶಾರವ್ವನನ್ನು ಕೇಳಿದೆ, ಸುಮ್ಮನೆ ಮಾತಿಗೆ.

"ಯಾಕ, ಆಕಿನ್ನ ಲಗೂನ ಕಳಸಾಕತ್ತೀರೇನ್ರಿ ಸಾಹೇಬ್ರ?" ಅಂದಳು ಗುರುಸಿದ್ದವ್ವ, ತಲೆ ಎತ್ತದೆ. "ಇಪ್ಪತ್ತಾರು ಪಂಚಮಿ ಬಾಕಿ ಅದಾವ. ಇರ್ತಾಳ."